ಪದ ಬೇಕು: ಹಾಲುಹಲ್ಲಿನ ಹುಳುಕು, ಪಲ್ಪಾಟಮಿ, ಫ್ಲೋರೈಡ್ ವಾರ್ನಿಶ್

ಕೊಪ್ಪಳದಿಂದ:
ಗೆಳೆಯರೇ, ಅಂಗನವಾಡಿ ತಾಯಂದಿರಿಗೆ ಕೊಡುವ ಕರಪತ್ರ ನಾಳೆ ಸಂಜೆ ಪ್ರೆಸ್ಸಿಗೆ ಹೋಗಬೇಕು. ತಲೆಬರಹಕ್ಕೆ ‘ಮಕ್ಕಳ ದಂತಕ್ಷಯ’ ಅಂತ ಇಟ್ಟಿದ್ದೇನೆ. ಎರಡು ಕಡೆ ತಡವರಿಸುತ್ತಿದ್ದೇನೆ.

ಹುಳುಕು ಆಳಕ್ಕೆ ಇಳಿದಾಗ ಹಲ್ಲಿನ ಮೇಲ್ಭಾಗದ ಒಳಗಿರುವ ಪಲ್ಪ್ (ನರ, ರಕ್ತನಾಳ ಇರುವ ಮೆತ್ತನೆಯ ಭಾಗ) ಅಷ್ಟನ್ನೇ ತೆಗೆದು ಔಷಧಿ ಇಡುವುದು ಪಲ್ಪಾಟಮಿ. ಬೇರಿನ ತನಕ ಪೂರ್ತಿ ತೆಗೆಯುವುದು ಪಲ್ಪೆಕ್ಟಮಿ. ‘ದಂತಮಜ್ಜೆ’ ಅನ್ನಲೋ, ‘ನರ’ ಅನ್ನಲೋ?

ಇನ್ನೊಂದು, ಹುಳುಕು ಹಿಡಿಯದಂತೆ ಹಲ್ಲಿಗೆ ಹಚ್ಚುವ ಫ್ಲೋರೈಡ್ ವಾರ್ನಿಶ್. ನಮ್ಮ ಕಡೆ ಬೋರ್ ನೀರಿನ ಫ್ಲೋರೈಡಿನಿಂದಲೇ ಹಲ್ಲು ಕಂದಾದ ಊರುಗಳಿವೆ. ಅದನ್ನೇ ಮಗುವಿನ ಹಲ್ಲಿಗೆ ಹಚ್ಚುತ್ತೇವೆ ಅಂದರೆ ಯಾವ ತಾಯಿ ಒಪ್ಪುತ್ತಾಳೆ? ಬೇರೆ ಹೆಸರು ಇದೆಯಾ?

ಬಳ್ಳಾರಿಯಿಂದ:
‘ದಂತಕ್ಷಯ’ ತೆಗೆಯಿರಿ. ಕ್ಷಯ ಅಂದರೆ ನಮ್ಮ ಜನಕ್ಕೆ ಟಿಬಿ. ‘ಹುಳುಕು’ ಸಾಕು.

‘ದಂತಮಜ್ಜೆ’ ತಪ್ಪು. ಮಜ್ಜೆ ಎಲುಬಿನೊಳಗಿನದು. ಹಲ್ಲಿನೊಳಗಿನದು ‘ತಿರುಳು’. ಕೊಪ್ಪಳದವರು ಈ ಪದ ಕೇಳಬೇಕೇ? ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದದ ನಡುವಿನ ನಾಡೇ ‘ಕನ್ನಡದ ತಿರುಳ್’ ಅಂತ 9ನೇ ಶತಮಾನದ ಕವಿರಾಜಮಾರ್ಗ ಹೇಳಿದೆ. ಆ ಕೊಪಣ ನಿಮ್ಮೂರೇ. ‘ಮೇಲ್ತಿರುಳು ತೆಗೆತ’, ‘ಬೇರುತಿರುಳು ತೆಗೆತ’ ಅಂತ ಬರೆಯಿರಿ. ವಾರ್ನಿಶ್‌ಗೆ ‘ಬಳಿತ’. ‘ಲೇಪ’ ಸಂಸ್ಕೃತ, ಬೇಡ.

ರಾಯಚೂರಿನಿಂದ:
‘ತಿರುಳು’ ಒಳ್ಳೆಯ ಪದ, ಒಪ್ಪಿದೆ. ‘ನರ’ ಖಂಡಿತ ಬೇಡ. ಹಲ್ಲಿನ ನರ ಮುಟ್ಟಿದರೆ ಕಣ್ಣು ಹೋಗುತ್ತದೆ ಅಂತ ಹೆದರುವವರು ಹಲ್ಲಿನ ದವಾಖಾನೆಗೆ ದಿನಾ ಬರುತ್ತಾರೆ. ಆದರೆ ‘ತೆಗೆತ’ ಯಾರ ಬಾಯಲ್ಲೂ ಇಲ್ಲ. ‘ಮೇಲಿನ ತಿರುಳು ಮಾತ್ರ ತೆಗೆಯುವುದು’, ‘ಬೇರಿನ ತನಕ ತಿರುಳು ತೆಗೆಯುವುದು’ ಅಂತ ಬಿಡಿಸಿ ಬರೆಯಿರಿ. ‘ಬಳಿತ’ವೂ ಬೇಡ. ಬಳಿಯುವುದು ಗೋಡೆಗೆ ಸುಣ್ಣ, ಹಲ್ಲಿಗೆ ಹಚ್ಚುವುದು.

‘ಹುಳುಕು’ ಇರಲಿ, ಆದರೆ ಕೆಳಗೆ ಒಂದು ಸಾಲು ಬೇಕು. ‘ಹಲ್ಲಿಗೆ ಹುಳ ಹತ್ತೇತಿ’ ಅಂತ ಹೊಗೆ ಹಾಕಿಸಿ ಹುಳ ತೆಗೆಸಲು ಹೋಗುವವರು ಇನ್ನೂ ಇದ್ದಾರೆ. ಹುಳ ಇರುವುದೇ ಇಲ್ಲ. ಬಾಯಲ್ಲಿ ಉಳಿದ ಸಿಹಿಯಿಂದ ಬ್ಯಾಕ್ಟೀರಿಯಾಗಳು ಆಮ್ಲ ಮಾಡುತ್ತವೆ, ಅದು ಹಲ್ಲನ್ನು ಕರಗಿಸುತ್ತದೆ. ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗುವ ಮಕ್ಕಳಲ್ಲಿ ಮೇಲಿನ ಮುಂದಿನ ಹಲ್ಲುಗಳು ಮೊದಲು ಹೋಗುತ್ತವೆ. ವಸಡಿನ ಅಂಚಿಗೆ ಸುಣ್ಣದಂಥ ಬಿಳಿ ಗೆರೆ ಕಂಡಾಗಲೇ ಕರೆತನ್ನಿ ಅಂತ ಹಾಕಿ.

ಫ್ಲೋರೈಡಿನ ಹೆಸರು ಮುಚ್ಚಿಡಬೇಡಿ. ಆಮೇಲೆ ಗೊತ್ತಾದರೆ ನಂಬಿಕೆ ಹೋಗುತ್ತದೆ. ವರ್ಷಗಟ್ಟಲೆ ನೀರಿನಲ್ಲಿ ಹೊಟ್ಟೆಗೆ ಇಳಿಯುವುದು ಬೇರೆ, ವರ್ಷಕ್ಕೆ 2–4 ಸಲ ಹಲ್ಲಿನ ಮೇಲೆ ತೆಳ್ಳಗೆ ಹಚ್ಚುವುದು ಬೇರೆ. ‘ಹಲ್ಲಿಗೆ ಹಚ್ಚುವ ಫ್ಲೋರೈಡ್ ಔಷಧಿ’ ಅನ್ನಿ. ಫಿಲ್ಲಿಂಗ್, ಸ್ಟೀಲ್ ಕ್ಯಾಪ್ ಹಾಗೇ ಇರಲಿ.

ಬಳ್ಳಾರಿಯಿಂದ:
ಕ್ಯಾಪ್ ಯಾಕೆ? ‘ಟೊಪ್ಪಿಗೆ’ ಇಲ್ವಾ? ಇವತ್ತು ಕ್ಯಾಪ್ ಬಿಟ್ಟುಕೊಂಡರೆ ನಾಳೆ ಹಾಲುಹಲ್ಲೂ ‘ಮಿಲ್ಕ್ ಟೀತ್’ ಆಗುತ್ತದೆ. ‘ದವಾಖಾನೆ’ ಬರೆಯುವವರಿಂದ ಇನ್ನೇನು ನಿರೀಕ್ಷಿಸುವುದು?

ರಾಯಚೂರಿನಿಂದ:
‘ಮಗುವಿಗೆ ಟೊಪ್ಪಿಗೆ ಹಾಕುತ್ತೇವೆ’ ಅಂದರೆ ಜನ ಏನು ತಿಳಿಯುತ್ತಾರೆ ಅಂತ ನಿಮಗೂ ಗೊತ್ತು. ನಾವು 1956ರ ತನಕ ಹೈದರಾಬಾದ್ ರಾಜ್ಯದಲ್ಲಿದ್ದವರು, ದವಾಖಾನೆ ನಮ್ಮ ಮನೆಮಾತು. ನೀವು 1953ರ ತನಕ ಮದ್ರಾಸಿನಲ್ಲಿದ್ದಿರಿ, ‘ಆಸ್ಪತ್ರೆ’ ಅನ್ನುತ್ತೀರಿ. ಅದೂ ಹೊರಗಿಂದ ಬಂದದ್ದೇ.

ಕೊಪ್ಪಳದವರೇ, ಪದಕ್ಕಿಂತ ಮುಖ್ಯವಾದ ಒಂದು ಮಾತು ಬಿಟ್ಟಿದ್ದೀರಿ. ‘ಹೇಗೂ ಬೀಳೋ ಹಲ್ಲು, ಬಿಡ್ರಿ’ ಅಂತಲೇ ತಾಯಂದಿರು ತಿರುಗಿ ಹೋಗುವುದು. ದವಡೆಯ ಹಾಲುಹಲ್ಲು 10–12 ವರ್ಷದ ತನಕ ಇರಬೇಕು. ಮೊದಲೇ ಕಿತ್ತರೆ ಪಕ್ಕದ ಹಲ್ಲು ವಾಲಿ ಜಾಗ ಮುಚ್ಚುತ್ತದೆ, ಹೊಸ ಹಲ್ಲು ಸೊಟ್ಟ ಬರುತ್ತದೆ. ಇದನ್ನು ದಪ್ಪ ಅಕ್ಷರದಲ್ಲಿ ಹಾಕಿಸಿ.

ಕೊಪ್ಪಳದಿಂದ:
ಹಾಕಿಸುತ್ತೇನೆ ಸರ್. ಹುಳುಕು, ತಿರುಳು, ಕ್ಯಾಪ್, ಮೂರನ್ನೂ ಇಟ್ಟುಕೊಂಡೆ. ಗಂಗಾವತಿ ಕಡೆಯ ತೆಲುಗು ವಲಸಿಗರ ಕ್ಯಾಂಪುಗಳಿಗೆ ತೆಲುಗಿನಲ್ಲೂ ಬೇಕಂತೆ. ‘ಪಾಲ ಪಳ್ಳು’ ಗೊತ್ತು, ತಿರುಳಿಗೆ ಅವರು ಏನಂತಾರೆ? ಯಾರಾದರೂ ಬೆಳಗ್ಗೆಯೊಳಗೆ ಹೇಳಿ.