ದೋಣಿಯ ಕ್ಲೀಟ್, ಹಿಂಜ್‌ಗಳ ಕ್ರೋಮ್ ಹೋಗಿದೆ, ಮತ್ತೆ ಪ್ಲೇಟಿಂಗ್ ಮಾಡಿಸಬೇಕಾ?

ಹಿನ್ನೀರುಹಾಯಿ: ನಮಸ್ಕಾರ. ಮಂಗಳೂರು ಕಡೆಯಿಂದ ಒಂದು ಹಳೇ ಹಾಯಿದೋಣಿ ಕೊಂಡಿದ್ದೇನೆ, ಫೈಬರ್ ಮೈ. ಇಷ್ಟು ದಿನ ಕಡಲಲ್ಲಿ ಓಡಿದ್ದು, ಇನ್ನು ಕೆಆರ್‌ಎಸ್ ಹಿನ್ನೀರಿನಲ್ಲಿ ಇರುತ್ತದೆ. ಲೋಹದ ಭಾಗಗಳನ್ನೆಲ್ಲ ಬಿಚ್ಚಿ ರಾಜಾಜಿನಗರದ ಮನೆಗೆ ತಂದಿದ್ದೇನೆ. ಹಗ್ಗ ಕಟ್ಟುವ ಕ್ಲೀಟ್‌ಗಳಲ್ಲಿ ಹಗ್ಗ ಉಜ್ಜಿದ ಕಡೆ ಕ್ರೋಮ್ ಸವೆದು ಒಳಗಿನ ಹಳದಿ ಕಾಣುತ್ತಿದೆ. ಮುಚ್ಚಳದ ಹಿಂಜ್‌ಗಳ ಮೇಲೆ ಗುಳ್ಳೆ ಎದ್ದಿದೆ, ಉಗುರಲ್ಲಿ ಕೆರೆದರೆ ಬಿಳಿ ಪುಡಿ. ಚುಕ್ಕಾಣಿ ಕೂರುವ ಸ್ಟೀಲ್ ಕೊಂಡಿಗಳಲ್ಲಿ ಕಂದು ಕಲೆ. ಪೀತಾಂಬರಿ ಹಾಕಿ ಉಜ್ಜಿದೆ. ಹೊಳಪು ಬಂತು, ಗುಳ್ಳೆ ಹಾಗೇ ಇದೆ. ಎಲ್ಲ ಒಂದು ಚೀಲಕ್ಕೆ ತುಂಬಿ ಪೀಣ್ಯದಲ್ಲಿ ಕ್ರೋಮ್‌ಗೆ ಕೊಟ್ಟುಬಿಡಲಾ?

ಬಫ್‌ಚಕ್ರ: ಒಂದೇ ಚೀಲದಲ್ಲಿ ಮಾತ್ರ ಕೊಡಬೇಡಿ ಸಾರ್. ನಿಮ್ಮ ಹತ್ತಿರ ಇರುವುದು ಮೂರು ಬೇರೆ ಬೇರೆ ಲೋಹ ಅನ್ನಿಸುತ್ತದೆ. ಕಾಣದ ಕಡೆ, ಅಂದರೆ ತಳದಲ್ಲಿ, ಸಣ್ಣ ಅರದಿಂದ ಒಂದು ಗೀರು ಎಳೆಯಿರಿ. ಹಳದಿ ಕಂಡರೆ ಹಿತ್ತಾಳೆ ಅಥವಾ ಕಂಚು. ಬೂದು ಬಣ್ಣ ಕಂಡು, ಕೈಗೆ ಭಾರವೂ ಇದ್ದರೆ ಸತುವಿನ ಎರಕ. ಹಗುರ ಇದ್ದರೆ ಅಲ್ಯೂಮಿನಿಯಂ.

ಬಿಳಿ ಪುಡಿ ಅಂದಿರಲ್ಲ, ಆ ಹಿಂಜ್‌ಗಳು ಸತುವೇ ಇರಬೇಕು. ಹೊಳಪು ಕ್ರೋಮ್‌ನ ಪದರ ಸಾಮಾನ್ಯವಾಗಿ ಒಂದು ಮೈಕ್ರಾನ್ ಕೂಡ ಇರುವುದಿಲ್ಲ, ಅದರಲ್ಲೂ ಕಣ್ಣಿಗೆ ಕಾಣದ ಬಿರುಕು ಇರುತ್ತವೆ. ನೀರನ್ನು ತಡೆಯುವುದು ಅದರ ಕೆಳಗಿನ ನಿಕಲ್. ನಿಕಲ್‌ನಲ್ಲಿ ಒಂದು ಸೂಜಿಮೊನೆ ತೂತು ಬಿದ್ದರೆ ಸಾಕು, ಉಪ್ಪುನೀರು ಒಳಗೆ ಹೋಗಿ ಸತುವನ್ನು ತಿನ್ನುತ್ತದೆ. ಮೇಲಿನ ಪದರ ಗೋಡೆ ಸುಣ್ಣದ ಹಾಗೆ ಉಬ್ಬುತ್ತದೆ. ಈಗ ಮತ್ತೆ ಪ್ಲೇಟಿಂಗ್ ಮಾಡಬೇಕಾದರೆ ಹಳೇದು ಇಳಿಸಿ, ಗುಳಿ ತುಂಬಿ, ಮೊದಲು ಸಯನೈಡ್ ತಾಮ್ರ ಕೂರಿಸಬೇಕು. ಸತುವನ್ನು ನೇರ ಆಸಿಡ್ ತಾಮ್ರದ ತೊಟ್ಟಿಗೆ ಇಳಿಸಿದರೆ ಅದೇ ಕರಗುತ್ತದೆ. ನಾಲ್ಕು ಹಿಂಜ್‌ಗೆ ಇಷ್ಟೆಲ್ಲ ಯಾರೂ ಮಾಡಿಕೊಡುವುದಿಲ್ಲ. ಅದೇ ಅಳತೆಯ ಸ್ಟೇನ್‌ಲೆಸ್ ಹಿಂಜ್ ಹಾಕಿ, 316 ದರ್ಜೆ (ಉಪ್ಪುನೀರಿಗೂ ಚೆನ್ನಾಗಿ ತಡೆಯುವ ಸ್ಟೇನ್‌ಲೆಸ್) ಅಂತ ಕೇಳಿ ತಗೊಳ್ಳಿ.

ಕೆರೆದಂಡೆ: ಹಿಂಜ್ ವಿಷಯ ಒಪ್ಪಿದೆ. ಕ್ಲೀಟ್‌ಗೆ ಮಾತ್ರ ಕ್ರೋಮ್ ಬೇಡವೇ ಬೇಡ. ಹಗ್ಗ ದಿನಾ ಉಜ್ಜುವ ಜಾಗ ಅದು, ಮತ್ತೆ ಅಲ್ಲೇ ಸವೆಯುತ್ತದೆ. ಅರ್ಧ ಸುಲಿದ ನಿಕಲ್‌ನ ಅಂಚು ಬ್ಲೇಡ್ ಥರ ಹಗ್ಗದ ಎಳೆ ಕುಯ್ಯುತ್ತದೆ, ಬೆರಳು ಆಡಿಸಿ ನೋಡಿ ಗೊತ್ತಾಗುತ್ತದೆ. ಪ್ಲೇಟಿಂಗ್‌ನವರ ಹತ್ತಿರ ‘ಲೇಪ ಇಳಿಸಿ ಸಾಕು’ ಅನ್ನಿ. ಟಾಯ್ಲೆಟ್ ಆಸಿಡ್ ಸುರಿದು ಮನೆಯಲ್ಲೇ ಇಳಿಸುವವರಿದ್ದಾರೆ. ಆ ಹೊಗೆಯೂ ಬೇಡ, ಕ್ರೋಮ್ ನಿಕಲ್ ಕರಗಿದ ನೀರನ್ನು ಮೋರಿಗೆ ಬಿಡುವುದೂ ಬೇಡ.

ಆಮೇಲೆ 240ರ ನೀರು ಕಾಗದದಿಂದ (ನೀರು ಹಾಕಿ ಉಜ್ಜುವ ಉಪ್ಪು ಕಾಗದ, ಸಂಖ್ಯೆ ಹೆಚ್ಚಿದಷ್ಟೂ ನುಣುಪು) ಶುರು ಮಾಡಿ 400, 600, 1000 ತನಕ ಹೋಗಿ. ಪ್ರತಿ ಸಲ ಹಿಂದಿನ ಗೀರುಗಳಿಗೆ ಅಡ್ಡವಾಗಿ ಉಜ್ಜಿ. ಹಳೇ ಗೀರು ಪೂರ್ತಿ ಮಾಯವಾದ ಮೇಲೇ ಮುಂದಿನ ಕಾಗದ. ಇಲ್ಲಿ ಅವಸರ ಮಾಡಿದರೆ ಬಫ್ ಹಿಡಿದಾಗ ಆ ಗೀರುಗಳೆಲ್ಲ ಎದ್ದು ಕಾಣುತ್ತವೆ. ಕೊನೆಗೆ ಬಟ್ಟೆ ಚಕ್ರ, ಬಫಿಂಗ್ ಸೋಪು. ಮಾಸ್ಕ್ ಹಾಕಿಕೊಳ್ಳಿ. ಲ್ಯಾಕರ್ ಹೊಡೆಯಬೇಡಿ, ಹಗ್ಗ ತಾಗುವ ಕಡೆ ಅದು ನಿಲ್ಲುವುದಿಲ್ಲ. ಸಿಹಿನೀರಿನಲ್ಲಿ ಬರೀ ಕಂಚು ನಿಧಾನಕ್ಕೆ ಕಂದಾಗುತ್ತದೆ ಅಷ್ಟೇ. ನನಗಂತೂ ಆ ಬಣ್ಣವೇ ಇಷ್ಟ.

ಸ್ಟೀಲ್ ಕೊಂಡಿಗೆ ಪಾತ್ರೆ ತಿಕ್ಕುವ ಕಬ್ಬಿಣದ ನಾರು ಮುಟ್ಟಿಸಬೇಡಿ, ಅದರ ಚೂರು ಸಿಕ್ಕಿಕೊಂಡು ಮತ್ತೆ ತುಕ್ಕು. ಹಸಿರು ನೈಲಾನ್ ಸ್ಕ್ರಬ್‌ನಿಂದ ತಿಕ್ಕಿ. ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಲೀಟರ್‌ಗೆ ನೂರು ಗ್ರಾಂ ಕರಗಿಸಿ ಅರ್ಧ ಗಂಟೆ ನೆನೆಸಿ, ತೊಳೆದು ಒಣಗಿಸಿ. ಕಲೆಯ ಕೆಳಗೆ ಗೆರೆಯಂಥ ಬಿರುಕು ಕಂಡರೆ ಪಾಲಿಶ್ ವಿಚಾರ ಬಿಟ್ಟು ಕೊಂಡಿಯನ್ನೇ ಬದಲಾಯಿಸಿ.

ಹಿನ್ನೀರುಹಾಯಿ: ಗೀರು ಎಳೆದು ನೋಡಿದೆ. ಹಿಂಜ್ ಬೂದು, ಭಾರ. ಕ್ಲೀಟ್ ಎಲ್ಲ ಹಳದಿ, ಆದರೆ ಒಂದರಲ್ಲಿ ಸ್ಕ್ರೂ ತೂತಿನ ಸುತ್ತ ಗುಲಾಬಿ ಬಣ್ಣ ಇದೆ. ತಾಮ್ರದ ಲೇಪ ಇರಬಹುದಾ?

ಬಫ್‌ಚಕ್ರ: ಅನುಮಾನ ಸಾರ್. ಅದು ಹಿತ್ತಾಳೆ ಇರಬೇಕು. ಉಪ್ಪುನೀರು ಹಿತ್ತಾಳೆಯಲ್ಲಿನ ಸತುವನ್ನು ಎಳೆದುಕೊಂಡರೆ ತಾಮ್ರ ಮಾತ್ರ ಉಳಿಯುತ್ತದೆ, ಒಳಗೆಲ್ಲ ಸ್ಪಂಜಿನ ಥರ ಟೊಳ್ಳು. ಅರದಿಂದ ಇನ್ನೂ ಸ್ವಲ್ಪ ಆಳಕ್ಕೆ ಹೋಗಿ. ತಕ್ಷಣ ಹಳದಿ ಬಂದರೆ ಮೇಲ್ಮೈ ಮಾತ್ರ, ಉಜ್ಜಿದರೆ ಹೋಗುತ್ತದೆ. ಗುಲಾಬಿ ಮುಂದುವರಿದರೆ ಅದನ್ನು ದೋಣಿಗೆ ಹಾಕಬೇಡಿ, ಜೋರು ಗಾಳಿಯಲ್ಲಿ ಹಗ್ಗದ ಸಮೇತ ಕಿತ್ತು ಬರುತ್ತದೆ.

ಹಿನ್ನೀರುಹಾಯಿ: ಎರಡು ಮಿಲಿಮೀಟರ್ ಹೋದರೂ ಗುಲಾಬಿಯೇ. ಅದನ್ನು ಗುಜರಿಗೆ ಹಾಕುತ್ತೇನೆ. ಉಳಿದವನ್ನು ಲೇಪ ಇಳಿಸಲು ಕೊಡ್ತೀನಿ. ವಾಪಸ್ ಕೂರಿಸುವಾಗ ಹಳೇ ಸ್ಕ್ರೂಗಳನ್ನೇ ಹಾಕಬಹುದಾ?

ಕೆರೆದಂಡೆ: ಬೇಡ. ಕಂಚಿಗೆ ಕಂಚಿನ ಸ್ಕ್ರೂ, ಸಿಗದಿದ್ದರೆ 316 ಸ್ಟೇನ್‌ಲೆಸ್. ಕ್ಲೀಟ್ ತಳಕ್ಕೂ ಸ್ಕ್ರೂ ತೂತಿಗೂ ದೋಣಿಗೆ ಹಾಕುವ ಸೀಲೆಂಟ್ ತುಂಬಿ. ಬಾತ್‌ರೂಮಿನ ಹುಳಿ ವಾಸನೆಯ ಸಿಲಿಕೋನ್ ಬೇಡ, ಅದು ಕಂಚು, ಹಿತ್ತಾಳೆಯನ್ನು ತಿನ್ನುತ್ತದೆ.