ಸಹಾಯ ಬೇಕು: ಸ್ಟೀರಾಯ್ಡ್ ಜೊತೆ ಯಾವ ನೋವಿನ ಗುಳಿಗೆ ಕೊಡಬಹುದು?

ಎಲ್ಲರಿಗೂ ನಮಸ್ಕಾರ. ನಾವು ಯಾದಗಿರಿ ಜಿಲ್ಲೆಯ ಶಹಾಪುರದ ಕಡೆಯವರು. ಅವ್ವನಿಗೆ 62 ವರ್ಷ, ಸಂಧಿವಾತ ಇದೆ. ಕಲಬುರಗಿಯ ಡಾಕ್ಟರು ಬರೆದುಕೊಟ್ಟ ಪ್ರೆಡ್ನಿಸೊಲೋನ್ (ಇದೇ ಸ್ಟೀರಾಯ್ಡ್) 10 ಮಿ.ಗ್ರಾಂ ಗುಳಿಗೆಯನ್ನು ಮೂರು ತಿಂಗಳಿಂದ ದಿನಾ ಬೆಳಿಗ್ಗೆ ರೊಟ್ಟಿ ತಿಂದ ಮೇಲೆ ತಗೊಳ್ಳುತ್ತಾಳೆ.

ಹೋದ ವಾರ ದಿನವಿಡೀ ಕೂತು ತೊಗರಿ ಹಸನು ಮಾಡಿದ್ದಕ್ಕೆ ಮೊಣಕಾಲು ಬಾತುಕೊಂಡಿತು. ನನಗೆ ಹೇಳದೆ ಮೆಡಿಕಲ್ ಅಂಗಡಿಯಲ್ಲಿ ಸುಮ್ನೆ "ನೋವಿನ ಗುಳಿಗೆ ಕೊಡ್ರಿ" ಅಂತ ಕೇಳಿ ತಂದು, ನಾಲ್ಕು ದಿನ ನುಂಗಿದ್ದಾಳೆ. ನಿನ್ನೆ ಹೊಟ್ಟೆ ಉರಿ ಅಂದಳು. ಸೆರಗಿನ ಗಂಟು ಬಿಚ್ಚಿ ಚೀಟಿ ತೋರಿಸಿದಳು. ಡೈಕ್ಲೋಫೆನಾಕ್ 50! ನನ್ನ ಎದೆ ಧಸಕ್ಕೆಂದಿತು. ಸ್ಟೀರಾಯ್ಡ್ ಜೊತೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಸೇರಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುವ ಅಪಾಯ ಜಾಸ್ತಿ, ಅಲ್ವಾ?

ಅದನ್ನು ಕೂಡಲೇ ನಿಲ್ಲಿಸಿದ್ದೇನೆ. ಪ್ರೆಡ್ನಿಸೊಲೋನ್ ಮಾತ್ರ ನಿಲ್ಲಿಸಿಲ್ಲ, ತಿಂಗಳುಗಟ್ಟಲೆ ತಗೊಂಡವರು ಅದನ್ನು ಒಮ್ಮೆಲೇ ಬಿಡಬಾರದು. ಮಲ ಕಪ್ಪಗಾಗಿಲ್ಲ, ವಾಂತಿ ಇಲ್ಲ. ಹಾಗೇನಾದರೂ ಆದರೆ ರಾತ್ರಿಯಾದರೂ ಸರಿ, ದವಾಖಾನೆಗೆ ಕರೆದೊಯ್ಯುತ್ತೇನೆ.

ನಮ್ಮ ಡಾಕ್ಟರು ಸೋಮವಾರ ಸಿಗುತ್ತಾರೆ. ಅಲ್ಲಿವರೆಗೆ ಪ್ಯಾರಾಸಿಟಮಾಲ್ 500 ಕೊಡಬಹುದೇ, ದಿನಕ್ಕೆ ಎಷ್ಟು ಸಲ? ಅವಳಿಗೆ ಲಿವರ್ ತೊಂದರೆ ಇಲ್ಲ. ಹೊಟ್ಟೆಗೆ ಪ್ಯಾಂಟೊಪ್ರಜೋಲ್ (ಆಸಿಡ್ ಕಡಿಮೆ ಮಾಡುವ ಗುಳಿಗೆ) ಬೇಕಾಗುತ್ತದೆಯೇ? ಮೊಣಕಾಲಿಗೆ ನೋವಿನ ಜೆಲ್ ಹಚ್ಚಿದರೆ ನಡೆಯುತ್ತದೆಯೇ? ಗುಂಪಿನಲ್ಲಿ ಡಾಕ್ಟರು, ಫಾರ್ಮಸಿಸ್ಟ್ ಇದ್ದರೆ ದಯವಿಟ್ಟು ಹೇಳಿ. ಅವ್ವ ನೋವಿಗೆ ರಾತ್ರಿಯೆಲ್ಲ ನಿದ್ದೆ ಮಾಡುತ್ತಿಲ್ಲ.