ಮೊದಲೇ ಹೇಳದ ಮೀಸಲಾತಿ: ಗಾರ್‌ನಿಂದ ಬಿದ್ದ ಬೈಂಡಿಂಗ್ ಯಾರಿಗೆ ಸಲ್ಲಬೇಕಿತ್ತು?

ಕೆಮ್ಮಣ್ಣಿನ ವಾರಿಯರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ಮನಸ್ಸನ್ನು ಕೊರೆಯುತ್ತಿರುವ ವಿಷಯವೊಂದನ್ನು ಇಲ್ಲಿ ಇಡುತ್ತಿದ್ದೇನೆ. ಆನ್‌ಲೈನ್ ಆಟಗಳಲ್ಲಿ ರೇಡ್ (ಹಲವರು ಸೇರಿ ದೊಡ್ಡ ಶತ್ರುಗಳನ್ನು ಸೋಲಿಸುವ ಬೇಟೆ) ನಡೆಸಿ ಅನುಭವವಿರುವವರು ದಯವಿಟ್ಟು ವಿವರವಾಗಿ ಉತ್ತರಿಸಬೇಕು.

ನಾವು ಹನ್ನೊಂದು ಮಂದಿ ಕನ್ನಡಿಗರು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್ ಅನ್ನು ಯುರೋಪಿನ ಸರ್ವರ್ ಒಂದರಲ್ಲಿ ಆಡುತ್ತೇವೆ. ಹೆಚ್ಚಿನವರು ಬೆಂಗಳೂರು, ಮೈಸೂರಿನವರು, ಇಬ್ಬರು ಜರ್ಮನಿಯಲ್ಲಿದ್ದಾರೆ. ಅಲ್ಲಿ ರಾತ್ರಿ ಎಂಟಕ್ಕೆ ರೇಡ್ ಎಂದರೆ ಚಳಿಗಾಲದಲ್ಲಿ ನಮಗೆ ಹನ್ನೆರಡೂವರೆ. ಮನೆಯವರೆಲ್ಲ ಮಲಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು, ಪಿಸುದನಿಯಲ್ಲಿ ಮಾತನಾಡುತ್ತಾ ಆಡುವವರು ನಾವು. 40 ಜನರ ಮೋಲ್ಟನ್ ಕೋರ್ ಎಂಬ ರೇಡ್‌ಗೆ ನಮ್ಮ ಸಂಖ್ಯೆ ಸಾಲದ ಕಾರಣ ಬೇರೊಂದು ಗಿಲ್ಡ್‌ನ (ಆಟಗಾರರ ಸಂಘದ) ಜೊತೆ ಸೇರಿದೆವು. ಒಳಗೆ ಹೋಗುವ ಮುನ್ನ ರೇಡ್ ಲೀಡರ್ ಚಾಟ್‌ನಲ್ಲಿ ಬರೆದದ್ದು ಒಂದೇ ಸಾಲು: ಮೇನ್ ಸ್ಪೆಕ್ ಮೊದಲು, ಆಫ್ ಸ್ಪೆಕ್ ನಂತರ, ಹೆಚ್ಚು ರೋಲ್ ಬಂದವರಿಗೆ ವಸ್ತು. ಅಂದರೆ ಬಿದ್ದ ವಸ್ತು ತಮ್ಮ ಮುಖ್ಯ ಪಾತ್ರಕ್ಕೆ ಬೇಕಾದವರಿಗೆ ಮೊದಲು, ಬದಲಿ ಪಾತ್ರಕ್ಕೆ ಬೇಕಾದವರಿಗೆ ನಂತರ; ರೋಲ್ ಎಂದರೆ ಆಟವೇ ಕೊಡುವ 1ರಿಂದ 100ರವರೆಗಿನ ಒಂದು ಸಂಖ್ಯೆ.

ಅಲ್ಲಿನ ಬಾಸ್‌ಗಳಲ್ಲಿ (ದೊಡ್ಡ ಶತ್ರುಗಳಲ್ಲಿ) ಒಬ್ಬನಾದ ಗಾರ್ ಬಿದ್ದಾಗ ಥಂಡರ್‌ಫ್ಯೂರಿ ಖಡ್ಗಕ್ಕೆ ಬೇಕಾದ ಎರಡು ಬೈಂಡಿಂಗ್‌ಗಳಲ್ಲಿ ಒಂದು ಬಂತು. ನಮ್ಮ ಗುಂಪಿನ ಹುಡುಗನೊಬ್ಬ ವಾರಿಯರ್; ಆ ರಾತ್ರಿ ಅವನು ಟ್ಯಾಂಕ್ (ಶತ್ರುವಿನ ಏಟನ್ನು ತನ್ನ ಮೇಲೆ ಎಳೆದುಕೊಳ್ಳುವವನು) ಆಗಿಯೇ ಬಂದಿದ್ದು, ಗಾರ್‌ನ ಸುತ್ತಲಿನ ಎಂಟು ಫೈರ್‌ಸ್ವಾರ್ನ್ ಎಂಬ ಕಾವಲು ಜೀವಿಗಳಲ್ಲಿ ಒಂದನ್ನು ಕೊನೆಯವರೆಗೂ ಹಿಡಿದು ನಿಂತಿದ್ದ. ಅವನು ರೋಲ್ ಮಾಡಿದಾಗ 94 ಬಂತು, ಆ ಗಿಲ್ಡ್‌ನ ಮುಖ್ಯ ಟ್ಯಾಂಕ್‌ಗೆ 31. ಲೀಡರ್ ಬೈಂಡಿಂಗ್ ಅನ್ನು ತಮ್ಮ ಟ್ಯಾಂಕ್‌ಗೆ ಕೊಟ್ಟು, "ಬೈಂಡಿಂಗ್ ಯಾವಾಗಲೂ ಗಿಲ್ಡ್‌ಗೆ ಮೀಸಲು, ಇದು ಎಲ್ಲರಿಗೂ ಗೊತ್ತಿರುವ ಮಾತು" ಎಂದರು. ನಮ್ಮ ಹುಡುಗ ಒಂದು ಮಾತೂ ಆಡಲಿಲ್ಲ. ನಾಲ್ವರು ಆ ಕ್ಷಣವೇ ರೇಡ್ ಬಿಟ್ಟು ಹೊರಡಲು ಸಿದ್ಧರಾದರು, ನಾನು ತಡೆದೆ. ಕೊನೆಯ ಬಾಸ್ ರಾಗ್ನರೋಸ್ ಬೀಳುವವರೆಗೂ ಇದ್ದು ಬಂದೆವು.

ನನ್ನ ಪ್ರಶ್ನೆಗಳು ಎರಡು. ಲೀಡರ್ ಮಾಡಿದ್ದು ತಪ್ಪೇ, ಅಥವಾ ವಾಡಿಕೆ ತಿಳಿಯದೆ ಹೋದದ್ದು ನಮ್ಮ ತಪ್ಪೇ? ನಾಲ್ವರನ್ನು ತಡೆದು ನಿಲ್ಲಿಸಿದ್ದು ಸರಿಯೇ?

ಮುಯ್ಯಾಳು

ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ: ಲೀಡರ್ ಮಾಡಿದ್ದು ತಪ್ಪು. ಬೈಂಡಿಂಗ್ ಅನ್ನು ಗಿಲ್ಡ್‌ನ ಟ್ಯಾಂಕ್‌ಗೆ ಮೀಸಲಿಡುವುದರಲ್ಲಿ ತಪ್ಪಿಲ್ಲ. ಬಹಳಷ್ಟು ಗಿಲ್ಡ್‌ಗಳು ಹಾಗೆಯೇ ಮಾಡುತ್ತವೆ, ಅದಕ್ಕೆ ಕಾರಣವೂ ಇದೆ. ಒಂದು ಬೈಂಡಿಂಗ್ ಗಾರ್‌ನಿಂದಲೂ ಇನ್ನೊಂದು ಬ್ಯಾರನ್ ಗೆಡ್ಡನ್ ಎಂಬ ಬಾಸ್‌ನಿಂದಲೂ ಬೀಳಬೇಕು, ಎರಡೂ ಬೀಳುವುದು ಅಪರೂಪ. ಅವೆರಡೂ ಕೈಸೇರಿದ ಮೇಲೆ ರಾಗ್ನರೋಸ್‌ನಿಂದ ಎಸೆನ್ಸ್ ಬೇಕು, ಎಲಿಮೆಂಟಿಯಂನ 10 ಗಟ್ಟಿಗಳು ಬೇಕು, ಒಂದೊಂದು ಗಟ್ಟಿಗೂ ಹತ್ತು ಆರ್ಕನೈಟ್ ಬಾರ್‌ಗಳು ಬೇಕು. ಇಷ್ಟನ್ನು ಒಬ್ಬನೇ ಆಟಗಾರ ಹೊಂದಿಸುವುದು ಬಹಳ ಕಷ್ಟ; ಇಡೀ ಗಿಲ್ಡ್ ತಿಂಗಳುಗಟ್ಟಲೆ ಅವನ ಬೆನ್ನಿಗೆ ನಿಲ್ಲುತ್ತದೆ. ಆದ್ದರಿಂದ ಮೀಸಲು ನ್ಯಾಯವೇ. ಆದರೆ ಆ ಮೀಸಲನ್ನು ಒಳಗೆ ಹೋಗುವ ಮೊದಲೇ ಹೇಳಬೇಕು. ವಸ್ತು ಬಿದ್ದ ಮೇಲೆ, ರೋಲ್ ಮಾಡಿಸಿದ ಮೇಲೆ ಹೇಳುವ ನಿಯಮವನ್ನು ನಿಯಮ ಎನ್ನಲಾಗದು.

"ಎಲ್ಲರಿಗೂ ಗೊತ್ತಿರುವ ಮಾತು" ಎಂಬ ವಾದದ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಇಂಥ ಜಗಳಗಳೆಲ್ಲ ಹುಟ್ಟುವುದು ಅಲ್ಲಿಂದಲೇ. 1999ರಲ್ಲಿ ಎವರ್‌ಕ್ವೆಸ್ಟ್ ಎಂಬ ಆನ್‌ಲೈನ್ ಆಟ ಬಂದಾಗ, ದೊಡ್ಡ ಬೇಟೆಗೆ ಬಂದವರೆಲ್ಲ ಸತ್ತ ಡ್ರ್ಯಾಗನ್‌ನ ಸುತ್ತ ನಿಂತು ಯಾರಿಗೆ ಏನು ಎಂದು ವಾದಿಸುವ ಪರಿಸ್ಥಿತಿ ಇತ್ತು. ಹಾಗಾಗಿಯೇ ಆ ಆಟದ ಗಿಲ್ಡ್ ಒಂದು ಡಿಕೆಪಿ, ಅಂದರೆ ಡ್ರ್ಯಾಗನ್ ಕಿಲ್ ಪಾಯಿಂಟ್ಸ್ ಎಂಬ ಲೆಕ್ಕವನ್ನು ಶುರುಮಾಡಿತು. ರೇಡ್‌ಗೆ ಬಂದು ದುಡಿದಷ್ಟು ಪಾಯಿಂಟ್ ಸೇರುತ್ತದೆ, ವಸ್ತು ಪಡೆದಾಗ ಅದು ಖರ್ಚಾಗುತ್ತದೆ. ನಮ್ಮ ಹಳ್ಳಿಗಳ ಮುಯ್ಯಾಳಿನ ಲೆಕ್ಕ ಬಲ್ಲವರಿಗೆ ಇದು ಹೊಸದೇನಲ್ಲ. ಇಂದು ನಾನು ನಿಮ್ಮ ಗದ್ದೆಯಲ್ಲಿ ನಾಟಿ ಮಾಡಿದರೆ ನಾಳೆ ನಿಮ್ಮ ಮನೆಯಿಂದ ಒಂದು ಆಳು ನನ್ನ ಗದ್ದೆಗೆ ಬರುತ್ತದೆ. ಅದನ್ನು ಯಾರೂ ಕಾಗದದ ಮೇಲೆ ಬರೆಯುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ಬರೆಯದೆ ನಡೆಯುವುದು ಏಕೆಂದರೆ ಊರು ಒಂದೇ, ಮುಖಪರಿಚಯ ಇದೆ, ಮುಂದಿನ ವರ್ಷವೂ ಮಳೆ ಬರುತ್ತದೆ. ನೀವು ಸೇರಿದ ರೇಡ್‌ನಲ್ಲಿ ಇದ್ಯಾವುದೂ ಇರಲಿಲ್ಲ. ಒಂದು ಊರಿನ ವಾಡಿಕೆ ಆ ಊರಿನವರಿಗೆ ಮಾತ್ರ ಗೊತ್ತಿರುತ್ತದೆ. ಹೊರಗಿನಿಂದ ಬಂದ ಹನ್ನೊಂದು ಜನರಿಗೆ ಅದನ್ನು ಬಾಯಿಬಿಟ್ಟು ಹೇಳುವ ಹೊಣೆ ಕರೆದವರದು.

ಎರಡನೆಯ ಪ್ರಶ್ನೆಗೆ: ತಡೆದದ್ದು ಸರಿ. ಉಳಿದ 28 ಜನ ಯಾವ ತಪ್ಪನ್ನೂ ಮಾಡಿರಲಿಲ್ಲ. ಮೋಲ್ಟನ್ ಕೋರ್‌ನ ಸರದಿ ವಾರಕ್ಕೆ ಒಂದೇ. ನೀವು ನಡುವೆ ಬಿಟ್ಟಿದ್ದರೆ ಅವರೆಲ್ಲರ ಆ ವಾರ ಹಾಳಾಗುತ್ತಿತ್ತು.

ಎರಡನೇ ಟ್ಯಾಂಕ್

ಮುಯ್ಯಾಳು ಅವರ ಮಾತನ್ನು ಗೌರವಿಸುತ್ತೇನೆ, ಆದರೆ ಪೂರ್ತಿ ಒಪ್ಪಲಾರೆ. ನಾನು ಟ್ಯಾಂಕ್ ಆಗಿ ಆಡುವವನು, ಆದ್ದರಿಂದ ಆ ಹುಡುಗನ ನೋವು ಚೆನ್ನಾಗಿ ಅರ್ಥವಾಗುತ್ತದೆ. ಆದರೂ ಒಂದು ವಿಷಯವನ್ನು ಕೇಳಬೇಕಾಗಿದೆ: ಆ ಮುಖ್ಯ ಟ್ಯಾಂಕ್‌ನ ಬಳಿ ಇನ್ನೊಂದು ಬೈಂಡಿಂಗ್ ಆಗಲೇ ಇತ್ತೇ? ಇದ್ದರೆ, ನಿಮ್ಮ ಹುಡುಗ ಗೆದ್ದ ತುಂಡು ಅವನ ಬ್ಯಾಗ್‌ನಲ್ಲಿ ವರ್ಷಗಟ್ಟಲೆ ಒಂಟಿಯಾಗಿ ಕೂರುವ ಸಾಧ್ಯತೆಯೇ ಹೆಚ್ಚು. ಆಗ ಇಬ್ಬರ ಬಳಿಯೂ ಅರ್ಧರ್ಧ ಖಡ್ಗ, ಯಾರ ಕೈಯಲ್ಲೂ ಖಡ್ಗವಿಲ್ಲ. ನೀಡ್ (ಈ ವಸ್ತು ನನಗೆ ಬೇಕು ಎನ್ನುವ ಗುಂಡಿ) ಒತ್ತುವ ಮೊದಲು ಪ್ರತಿಯೊಬ್ಬ ಆಟಗಾರನೂ ಒಂದು ಕ್ಷಣ ನಿಂತು, ಈ ವಸ್ತು ನನ್ನ ಬಳಿ ಬಂದರೆ ಏನಾಗುತ್ತದೆ, ಅವನ ಬಳಿ ಹೋದರೆ ಏನಾಗುತ್ತದೆ ಎಂದು ಯೋಚಿಸುವುದು ಕೂಡ ಮರ್ಯಾದೆಯ ಭಾಗವೇ.

ಲೀಡರ್ ಮೊದಲೇ ಹೇಳಬೇಕಿತ್ತು ಎಂಬುದರಲ್ಲಿ ಎರಡು ಮಾತಿಲ್ಲ. ಹೇಳದೆ ಹೋದದ್ದು ಅರಿವಾದ ಕ್ಷಣವೇ ರೋಲ್ ನಿಲ್ಲಿಸಿ, ಎಲ್ಲರೆದುರು ಕ್ಷಮೆ ಕೇಳಿ, ನಿಮ್ಮ ಹುಡುಗನ ಒಪ್ಪಿಗೆ ಕೇಳಬಹುದಿತ್ತು. ಹಾಗೆ ಕೇಳಿದ್ದರೆ ಅವನೇ ಬಿಟ್ಟುಕೊಡುತ್ತಿದ್ದನೇನೋ. ಗೆದ್ದವನು ತಾನಾಗಿ ಬಿಟ್ಟುಕೊಡುವುದಕ್ಕೂ ಅವನ ಕೈಯಿಂದ ಕಿತ್ತುಕೊಳ್ಳುವುದಕ್ಕೂ ಬಹಳ ಅಂತರವಿದೆ. ರೇಡ್‌ನಲ್ಲಿ ಇದ್ದವರ ನಡುವೆ ಇಂಥ ವಸ್ತುವನ್ನು ಎರಡು ಗಂಟೆಯೊಳಗೆ ಕೈಬದಲಿಸಲು ಆಟವೇ ಅವಕಾಶ ಕೊಟ್ಟಿದೆ. ತಪ್ಪು ತಿದ್ದಿಕೊಳ್ಳಲು ಸಮಯವೇನೂ ಕಡಿಮೆ ಇರಲಿಲ್ಲ.

ಎಂಟರ ತಂಡ

ನಾನು ಫೈನಲ್ ಫ್ಯಾಂಟಸಿ 14 ಎಂಬ ಬೇರೆ ಆನ್‌ಲೈನ್ ಆಟ ಆಡುವವಳು, ತಂಡದವರನ್ನು ಗುಣಪಡಿಸುವ ಹೀಲರ್. ನಮ್ಮಲ್ಲಿ ಈ ಜಗಳದ ಬಹುಪಾಲನ್ನು ಆಟವೇ ತನ್ನ ಮೇಲೆ ಹಾಕಿಕೊಂಡಿದೆ. ಸಾಮಾನ್ಯ ಡಂಜನ್‌ನಲ್ಲಿ ನಾವು ಆ ಹೊತ್ತಿಗೆ ಆಡುತ್ತಿರುವ ಜಾಬ್‌ಗೆ (ಪಾತ್ರಕ್ಕೆ) ಹೊಂದುವ ಉಡುಗೆಗೆ ಮಾತ್ರ ನೀಡ್ ಒತ್ತಬಹುದು; ಉಳಿದದ್ದಕ್ಕೆ ಗ್ರೀಡ್ (ಸಿಕ್ಕರೆ ಇರಲಿ) ಅಥವಾ ಪಾಸ್ (ಬೇಡ). ಎಂಟು ಜನರ ಸ್ಯಾವೇಜ್ ಎಂಬ ಕಠಿಣ ಮಟ್ಟದ ರೇಡ್‌ನಲ್ಲಿ ಪೆಟ್ಟಿಗೆಯಿಂದ ಬೀಳುವ ವಸ್ತುವಿನ ಜೊತೆಗೆ, ಗೆದ್ದ ಪ್ರತಿಯೊಬ್ಬರಿಗೂ ವಾರಕ್ಕೊಂದು ಬುಕ್ ಸಿಗುತ್ತದೆ. ಅದೃಷ್ಟ ಎಂದೂ ಒಲಿಯದವರು ಸಹ ಕೆಲವು ವಾರಗಳ ಬುಕ್‌ಗಳನ್ನು ಕೂಡಿಟ್ಟು ಬೇಕಾದ ಉಡುಗೆಯನ್ನು ಕೊಳ್ಳಬಹುದು. ರೋಲ್‌ನಲ್ಲಿ ಸೋತವರಿಗೆ ಆ ರಾತ್ರಿ ಬರಿಗೈ ಎನಿಸದಿರಲು ಈ ಬುಕ್ ಕಾರಣ. ನಿಮ್ಮ ಹುಡುಗನಿಗೆ ಅಂಥ ಯಾವ ಆಧಾರವೂ ಇರಲಿಲ್ಲ ಎಂಬುದು ನನಗೆ ಅತಿಯಾಗಿ ಕಾಡಿದ ಸಂಗತಿ.

ಆದರೆ ಆಟ ಎಲ್ಲವನ್ನೂ ನೋಡಿಕೊಳ್ಳುವುದಿಲ್ಲ. ತಂಡದಲ್ಲಿ ಆ ವಾರ ಆಗಲೇ ಆ ಬಾಸ್ ಅನ್ನು ಗೆದ್ದವರು ಇದ್ದರೆ ನಮಗೆ ಸಿಗುವ ಪೆಟ್ಟಿಗೆಗಳೇ ಕಡಿಮೆಯಾಗುತ್ತಿದ್ದವು. ಒಮ್ಮೆ ಒಬ್ಬರು ಇದನ್ನು ತಿಳಿಸದೆ ನಮ್ಮ ತಂಡ ಸೇರಿದ್ದರು. ಎರಡು ಗಂಟೆ ಸತ್ತು ಬದುಕಿ ಗೆದ್ದ ಮೇಲೆ ಎರಡರ ಬದಲು ಒಂದೇ ಪೆಟ್ಟಿಗೆ ಕಂಡಾಗ ಯಾರೂ ಬೈಯಲಿಲ್ಲ, ಒಬ್ಬೊಬ್ಬರಾಗಿ ಸುಮ್ಮನೆ ಹೊರಟುಹೋದರು. ಆ ಮೌನ ನನಗೆ ಇಂದಿಗೂ ನೆನಪಿದೆ. ಲೂಟ್ (ಬಿದ್ದ ವಸ್ತು) ಹಂಚುವಾಗ ಮಾತ್ರ ಸತ್ಯ ಹೇಳಿದರೆ ಸಾಲದು, ತಂಡಕ್ಕೆ ಕಾಲಿಡುವಾಗಲೇ ಹೇಳಬೇಕು.

ಇನ್ನೊಂದು ಮಾತು. ವಾರ್‌ಕ್ರಾಫ್ಟ್‌ನ ಮುಖ್ಯ ಆಟದಲ್ಲೇ 2018ರಲ್ಲಿ ಲೀಡರ್ ಹಂಚುವ ಮಾಸ್ಟರ್ ಲೂಟ್ ತೆಗೆದು, ಆಟವೇ ಒಬ್ಬೊಬ್ಬರಿಗೆ ನೇರವಾಗಿ ವಸ್ತು ಕೊಡುವ ಪರ್ಸನಲ್ ಲೂಟ್ ಒಂದನ್ನೇ ಉಳಿಸಿದ್ದರು. ಜಗಳ ನಿಂತಿತು, ಆದರೆ ಕೊಡುವುದೂ ಬಹುಮಟ್ಟಿಗೆ ನಿಂತಿತು. ನನ್ನ ಬಳಿ ಇರುವುದಕ್ಕಿಂತ ಮೇಲಿನ ಮಟ್ಟದ ವಸ್ತು ಬಂದರೆ, ನನಗೆ ಬೇಡವಾದರೂ, ಗೆಳತಿಗೆ ಕೊಡುವಂತಿರಲಿಲ್ಲ. 2022ರ ಡ್ರ್ಯಾಗನ್‌ಫ್ಲೈಟ್ ಆವೃತ್ತಿಯಲ್ಲಿ ರೇಡ್‌ಗಳಿಗೆ ನೀಡ್-ಗ್ರೀಡ್ ಮರಳಿ ಬಂತು. ನನಗನ್ನಿಸುವುದು, ಹಂಚಿಕೊಳ್ಳುವ ಕಷ್ಟವನ್ನು ಪೂರ್ತಿ ತೆಗೆದುಹಾಕಿದರೆ ಗಿಲ್ಡ್ ಎಂಬುದಕ್ಕೆ ಉಳಿಯುವ ಕೆಲಸ ಬಹಳ ಕಡಿಮೆ.

ಚೀಟಿ ಲೆಕ್ಕ

ಇಷ್ಟೆಲ್ಲ ತಲೆನೋವೇಕೆ, ಜಿಡಿಕೆಪಿ ಮಾಡಿ ಎಂದು ನಿಮಗೆ ಯಾರಾದರೂ ಸಲಹೆ ಕೊಡಬಹುದು. ಅದಕ್ಕೆ ಮುಂಚೆಯೇ ಬರೆಯುತ್ತಿದ್ದೇನೆ. ತಿಳಿಯದವರಿಗಾಗಿ: ಬಿದ್ದ ವಸ್ತುವನ್ನು ಆಟದ ಗೋಲ್ಡ್‌ಗೆ ಹರಾಜು ಹಾಕಿ, ಒಟ್ಟಾದ ಗೋಲ್ಡ್ ಅನ್ನು ಕೊನೆಯಲ್ಲಿ ರೇಡ್‌ನಲ್ಲಿದ್ದ ಎಲ್ಲರಿಗೂ ಹಂಚುತ್ತಾರೆ. ನಮ್ಮಲ್ಲಿ ಚೀಟಿ ಕೂಗುವುದನ್ನು ಕಂಡವರಿಗೆ ಇದರ ಸೊಗಸು ತಕ್ಷಣ ಹೊಳೆಯುತ್ತದೆ. ತುರ್ತಿರುವವರು ಕೂಗಿ ಎತ್ತಿಕೊಳ್ಳುತ್ತಾರೆ, ಅವರು ಬಿಟ್ಟುಕೊಟ್ಟದ್ದು ಉಳಿದವರ ನಡುವೆ ಹಂಚಿಕೆಯಾಗುತ್ತದೆ, ಬರಿಗೈಯಲ್ಲಿ ಯಾರೂ ಏಳುವುದಿಲ್ಲ. ಲೆಕ್ಕವಾಗಿ ನೋಡಿದರೆ ಇದಕ್ಕಿಂತ ನೇರವಾದದ್ದು ಇನ್ನೊಂದಿಲ್ಲ.

ಆದರೆ ಚೀಟಿಯಲ್ಲಿ ಕೂಗುವವರು ತಮ್ಮ ದುಡಿಮೆಯ ಹಣದ ಮೇಲೆ ಕೂಗುತ್ತಾರೆ. ಇಲ್ಲಿ ಗೋಲ್ಡ್ ಮಾರುವ ದಂಧೆಯವರಿಂದ ನಿಜವಾದ ಹಣ ಕೊಟ್ಟು ಗೋಲ್ಡ್ ಕೊಂಡವನು, ತಿಂಗಳು ಪೂರ್ತಿ ಗಿಡಮೂಲಿಕೆ ಕಿತ್ತು ಕೂಡಿಟ್ಟವನ ಎದುರು ಕೂಗುತ್ತಾನೆ. ಆ ಗೋಲ್ಡ್ ಎಲ್ಲರಿಗೂ ಹಂಚಿಕೆಯಾಗುವುದರಿಂದ, ತಪ್ಪು ಮಾಡದವನ ಬ್ಯಾಗ್‌ಗೂ ಅದೇ ಹಣ ಬಂದು ಸೇರುತ್ತದೆ. 2024ರ ಫೆಬ್ರವರಿಯಲ್ಲಿ ಕ್ಲಾಸಿಕ್‌ನ ಸೀಸನ್ ಆಫ್ ಡಿಸ್ಕವರಿ ಎಂಬ ರೂಪದಲ್ಲಿ, ಅದೇ ವರ್ಷದ ನವೆಂಬರ್‌ನಲ್ಲಿ ತೆರೆದ 20ನೇ ವಾರ್ಷಿಕೋತ್ಸವದ ಸರ್ವರ್‌ಗಳಲ್ಲಿ ಜಿಡಿಕೆಪಿಯನ್ನು ನಿಷೇಧಿಸಲಾಯಿತು. ನನ್ನ ಮಟ್ಟಿಗೆ ಅದು ಸರಿಯಾದ ನಿರ್ಧಾರ.

ನಿಮ್ಮಂಥ ಮಿಶ್ರ ಗುಂಪಿಗೆ ಸಾಫ್ಟ್ ರಿಸರ್ವ್ ಒಳ್ಳೆಯದು. ಪ್ರತಿಯೊಬ್ಬರೂ ರೇಡ್‌ಗೆ ಮುಂಚೆ ತಮಗೆ ಬೇಕಾದ ಒಂದೋ ಎರಡೋ ವಸ್ತುವನ್ನು ಎಲ್ಲರಿಗೂ ಕಾಣುವ ಪಟ್ಟಿಯಲ್ಲಿ ಬರೆಯುತ್ತಾರೆ. ಅದು ಬಿದ್ದರೆ ಬರೆದವರು ಮಾತ್ರ ರೋಲ್ ಮಾಡುತ್ತಾರೆ. ಲೀಡರ್ ಮೀಸಲಿಡುವ ವಸ್ತುವಿದ್ದರೆ ಅದನ್ನು ಹಾರ್ಡ್ ರಿಸರ್ವ್ ಎಂದು ಅದೇ ಪಟ್ಟಿಯ ತಲೆಯಲ್ಲಿ ಬರೆಯಬೇಕು. ಡಿಕೆಪಿ ನಿಮಗೆ ಹೊಂದುವುದಿಲ್ಲ. ಹಳಬರ ಖಾತೆಯಲ್ಲಿ ಪಾಯಿಂಟ್ ತುಂಬಿರುವಾಗ ಹೊಸದಾಗಿ ಸೇರಿದ ಹನ್ನೊಂದು ಜನ ಎಷ್ಟು ರಾತ್ರಿ ನಿದ್ದೆಗೆಟ್ಟರೂ ಅವರನ್ನು ಮುಟ್ಟಲಾಗುವುದಿಲ್ಲ.

ಕೆಮ್ಮಣ್ಣಿನ ವಾರಿಯರ್

ಎಲ್ಲರಿಗೂ ಕೃತಜ್ಞತೆಗಳು. ಎರಡನೇ ಟ್ಯಾಂಕ್ ಅವರು ಕೇಳಿದ್ದಕ್ಕೆ: ಹೌದು, ಅವರ ಟ್ಯಾಂಕ್ ಬಳಿ ಗೆಡ್ಡನ್‌ನ ಬೈಂಡಿಂಗ್ ಆಗಲೇ ಇತ್ತು. ಅದು ನಮಗೆ ತಿಳಿದದ್ದು ಮರುದಿನ. ನಮ್ಮ ಹುಡುಗನಿಗೆ ಇದನ್ನು ಹೇಳಿದಾಗ, "ಅಣ್ಣ, ಅದನ್ನು ಮೊದಲೇ ಹೇಳಿದ್ದರೆ ನಾನು ರೋಲ್ ಕೂಡ ಮಾಡುತ್ತಿರಲಿಲ್ಲ" ಎಂದ. ನನಗೆ ಬೇಸರವಾದದ್ದು ಆಗಲೇ.

ನಿಮ್ಮೆಲ್ಲರ ಉತ್ತರಗಳನ್ನು ಓದಿದ ಮೇಲೆ ಆ ಲೀಡರ್‌ಗೆ ದೀರ್ಘವಾದ ಪತ್ರ ಬರೆದೆ. ಬೈಂಡಿಂಗ್ ಹಿಂದಿರುಗಿಸಿ ಎಂದು ಕೇಳಲಿಲ್ಲ. ಎರಡು ಗಂಟೆಯ ಗಡುವು ಎಂದೋ ಮುಗಿದಿದೆ. ಮುಂದಿನ ರೇಡ್‌ಗೆ ಪಟ್ಟಿ ಇರಬೇಕು, ಮೀಸಲುಗಳು ಪಟ್ಟಿಯ ತಲೆಯಲ್ಲಿರಬೇಕು, ಪಟ್ಟಿ ನೋಡಿ ಬೇಡವೆನಿಸಿದವರು ಬಾಗಿಲಲ್ಲೇ ಹಿಂದಿರುಗಲು ಸಮಯ ಕೊಡಬೇಕು ಎಂದಷ್ಟೇ ಕೇಳಿದೆ. ಅವರು ಎರಡು ದಿನ ಉತ್ತರಿಸಲಿಲ್ಲ. ಮೂರನೆಯ ದಿನ ಪಟ್ಟಿಯ ಕೊಂಡಿ ಬಂತು. ತಲೆಯಲ್ಲಿ ಒಂದೇ ಮೀಸಲು ಇದೆ, ರಾಗ್ನರೋಸ್‌ನಿಂದ ಬೀಳುವ, ಸಲ್ಫುರಾಸ್ ಎಂಬ ಸುತ್ತಿಗೆಗೆ ಬೇಕಾದ ಸಲ್ಫುರಾಸ್‌ನ ಕಣ್ಣು. ಅದು ಯಾರಿಗೆ ಎಂದು ಆಟಗಾರನ ಹೆಸರಿನ ಸಮೇತ ಬರೆದಿದ್ದಾರೆ. ಅದರ ಕೆಳಗೆ, ಹಿಂದಿನ ವಾರ ಹೇಳದೆ ಹೋದದ್ದು ತಮ್ಮ ತಪ್ಪು ಎಂಬ ಒಂದು ಸಾಲೂ ಇದೆ.

ಬುಧವಾರ ಹೊಸ ವಾರದ ಸರದಿ ತೆರೆಯುತ್ತದೆ. ಹೊರಡಲು ಎದ್ದಿದ್ದ ನಾಲ್ವರಲ್ಲಿ ಮೂವರು ಬರುತ್ತಾರೆ. ಹುಡುಗನೂ ಪಟ್ಟಿಯಲ್ಲಿ ತನ್ನ ವಸ್ತುವನ್ನು ಬರೆದಿದ್ದಾನೆ. ಮರುದಿನ ಬೆಳಿಗ್ಗೆ ಎಂಟಕ್ಕೆ ಅವನಿಗೆ ಡ್ಯೂಟಿ ಇರುವುದರಿಂದ ಗೆಡ್ಡನ್ ಬೀಳುವವರೆಗೆ ಮಾತ್ರ ಇರುವುದಾಗಿ ಲೀಡರ್‌ಗೆ ಈಗಲೇ ತಿಳಿಸಿದ್ದಾನೆ.